ಕುರಿಯ ರಕ್ತನಾಳ, ಮಹಬೂಬಿಯ ಕಡ್ಡಿ

ರಕ್ತನಾಳದ ಒಂದು ತುಂಡು ಬದುಕಿದೆಯೋ ಸತ್ತಿದೆಯೋ ಎಂದು ತಿಳಿಯಬೇಕಾದರೆ ಅದಕ್ಕೆ ಪೊಟ್ಯಾಸಿಯಂ ಹಾಕಿ ನೋಡಬೇಕು. ಬದುಕಿದ್ದರೆ ಮುದುಡುತ್ತದೆ, ಸತ್ತಿದ್ದರೆ ಸುಮ್ಮನಿರುತ್ತದೆ. ನಾನು ಲ್ಯಾಬಿನಲ್ಲಿ ಕಲಿತ ಮೊದಲ ಪಾಠ ಇದು, ಕೊನೆಯ ಬ್ಯಾಚಿಗೆ ಹೇಳಿಕೊಟ್ಟಿದ್ದೂ ಇದನ್ನೇ. ನಡುವೆ ಬಡ್ತಿ ಬಂತು, ಪಗಾರ ಏರಿತು, ಕೊನೆಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಿದರು. ಅದನ್ನೆಲ್ಲ ಹೇಳುತ್ತ ಕೂತರೆ ನಿಮಗೂ ನಿದ್ದೆ, ನನಗೂ ನಿದ್ದೆ. ಔಷಧಶಾಸ್ತ್ರದ ಲ್ಯಾಬಿಗೆ ಹೊಸದಾಗಿ ಕಾಲಿಡುವ ನಿಮಗೆ ಈಗ ಪ್ರಯೋಗವೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಸಿಗುತ್ತದೆ. ಗುಂಡಿ ಒತ್ತಿದರೆ ಗೆರೆ ಏರುತ್ತದೆ, ಇನ್ನೊಂದು ಒತ್ತಿದರೆ ಇಳಿಯುತ್ತದೆ, ಎಂದೂ ತಪ್ಪುವುದಿಲ್ಲ. ನಮ್ಮ ಕಾಲದ ಗೆರೆ ತಪ್ಪುತ್ತಿತ್ತು. ಹಾಗೆ ತಪ್ಪಿದ ಒಂದು ಗೆರೆಯ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆದರೆ ಮೊದಲು ಮಾನ್ವಿಯ ಮಾತು. ಎಪ್ಪತ್ತರ ದಶಕದಲ್ಲಿ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಆಗ ಕಾಂಪೌಂಡರ್ ಎಂದರೆ ಅರ್ಧ ಡಾಕ್ಟರ್ ಎಂದು ಜನ ತಿಳಿದಿದ್ದರು, ನಾನೂ ತಿಳಿದಿದ್ದೆ. ಕುರ್ಡಿಯಿಂದ ನಿಂಗಮ್ಮ ಎಂಬ ಮುದುಕಿ ಬಿಪಿ ತೋರಿಸಲು ಬರುತ್ತಿದ್ದಳು. ಡಾಕ್ಟರು ಆಕೆಗೆ ಮೂತ್ರ ಹೆಚ್ಚು ಹೋಗುವ ಗುಳಿಗೆ ಕೊಟ್ಟು, ಊಟದಲ್ಲಿ ಉಪ್ಪು ಬಿಡಿಸಿದ್ದರು. ಬಿಪಿ ಇಳಿಯಿತು. ಅದರ ಬೆನ್ನಿಗೇ ಕಾಲಿನ ಶಕ್ತಿಯೂ ಇಳಿಯಿತು. ಮಗನ ಹೆಗಲ ಮೇಲೆ ಕೈ ಹಾಕಿಕೊಂಡು ಬಂದ ಆಕೆಯನ್ನು ನೋಡಿ ಡಾಕ್ಟರು, ಮೂತ್ರದಲ್ಲಿ ಪೊಟ್ಯಾಸಿಯಂ ಹೋಗಿಬಿಟ್ಟಿದೆ ಎಂದು ಹೇಳಿ, ಪೊಟ್ಯಾಸಿಯಂ ಉಪ್ಪಿನ ದ್ರಾವಣ ಬರೆದುಕೊಟ್ಟರು. ಅದರ ರುಚಿ ಶತ್ರುವಿಗೂ ಬೇಡ. ಒಂದು ಗುಟುಕು ಕುಡಿದ ನಿಂಗಮ್ಮ ಬಾಟಲಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು.

"ಉಪ್ಪ ಬಿಡು ಅಂದ್ರಿ, ಬಿಟ್ಟೆ. ಸಪ್ಪನ್ನ ಬ್ಯಾಳಿ ಉಣ್ಣಾಕತ್ತೀನಿ. ಈಗ ಉಪ್ಪಿನ ನೀರ ಕುಡಿ ಅಂತೀರಿ. ಯಾವುದರ ಒಂದ ಹೇಳ್ರಿ ಯಪ್ಪಾ."

"ಅದು ಬ್ಯಾರೆ ಉಪ್ಪು, ಇದು ಬ್ಯಾರೆ ಉಪ್ಪು ಬೇ," ಎಂದೆ.

"ಬ್ಯಾರೆ ಅಂದ್ರ? ಎರಡೂ ನಾಲಿಗಿ ಸುಡತಾವಲ್ಲ?"

ನಾನು ಬಾಟಲಿಗೆ ಮುಚ್ಚಳ ಹಾಕಿ ಅವಳ ಮುಂದಕ್ಕೆ ತಳ್ಳಿದೆ. ಬೈಯುತ್ತಲೇ ಬಾಟಲಿ ಒಯ್ದಳು. ಮುಂದಿನ ಸಲ ಬಂದಾಗ ಬಸ್ ಸ್ಟ್ಯಾಂಡಿನಿಂದ ಒಬ್ಬಳೇ ನಡೆದು ಬಂದಿದ್ದಳು. ಮಗ ಹಿಂದೆ ಉಳಿದಿದ್ದ. ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಎರಡೂ ಉಪ್ಪೇ, ಆದರೆ ಒಂದು ಹೆಚ್ಚಾದರೆ ಬಿಪಿ, ಇನ್ನೊಂದು ಕಡಿಮೆಯಾದರೆ ಕಾಲು ಬೀಳುತ್ತದೆ. ಮಾಂಸಖಂಡದೊಳಗೆ ಹೋಗಿ ಈ ಪೊಟ್ಯಾಸಿಯಂ ಮಾಡುವುದಾದರೂ ಏನು? ಡಾಕ್ಟರನ್ನು ಕೇಳಿದೆ. "ಒಳಗ ಅದು ಇರಬೇಕು, ಅಷ್ಟ ತಿಳ್ಕೊ. ಮುಂದಿಂದು ಕೇಳಬ್ಯಾಡ, ಹೊರಗ ಸಾಲು ಅದ," ಎಂದರು. ಆ ಮುಂದಿನದನ್ನು ಕೇಳುವುದಕ್ಕಾಗಿಯೇ ನಾನು ಕೆಲಸ ಬಿಟ್ಟು ಮತ್ತೆ ಓದಲು ಹೋದೆ. ಮನೆಯವರು ತಲೆ ಕೆಟ್ಟಿದೆ ಎಂದರು. ಕೆಟ್ಟಿದ್ದು ನಿಜ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ರಾಯಚೂರಿನ ಒಂದು ಫಾರ್ಮಸಿ ಕಾಲೇಜಿಗೆ ಡೆಮಾನ್‌ಸ್ಟ್ರೇಟರ್ ಆಗಿ ಬಂದೆ. ಅಲ್ಲಿಯ ಪ್ರಯೋಗದ ಕ್ರಮವನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ರಗಳೆ ತಿಳಿಯುವುದಿಲ್ಲ. ಆಗ ತಾನೇ ಕೊಯ್ದ ಕುರಿಯ ರಕ್ತನಾಳವನ್ನು ಪೇಟೆಯಿಂದ ತರಬೇಕು. ಅದರಿಂದ ಬಳೆಯಂಥ ಒಂದು ಚಿಕ್ಕ ಉಂಗುರ ಕತ್ತರಿಸಬೇಕು. ಉಂಗುರವನ್ನು ಎರಡು ಕೊಕ್ಕೆಗಳ ನಡುವೆ ಸಿಕ್ಕಿಸಿ, ಗಾಜಿನ ಕೊಳವೆಯೊಳಗೆ ಬೆಚ್ಚಗಿನ ಉಪ್ಪಿನ ದ್ರಾವಣದಲ್ಲಿ ಇಳಿಬಿಡಬೇಕು. ಅದು ರಕ್ತವೆಂದೇ ನಂಬುವ ಹಾಗೆ ದ್ರಾವಣದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಸಕ್ಕರೆ ಎಲ್ಲ ಇರುತ್ತವೆ. ಕೆಳಗಿನಿಂದ ಗಾಳಿಯ ಗುಳ್ಳೆ ಬಿಡುತ್ತಿರಬೇಕು. ಮೇಲಿನ ಕೊಕ್ಕೆಗೆ ದಾರ, ದಾರದ ತುದಿಗೆ ಒಂದು ಹಗುರ ಕಡ್ಡಿ. ಆ ಕಡ್ಡಿಯ ಮೊನೆ ಹೊಗೆ ಹಿಡಿಸಿದ ಕಪ್ಪು ಕಾಗದದ ಮೇಲೆ ಬಿಳಿ ಗೆರೆ ಎಳೆಯುತ್ತ ಹೋಗುತ್ತದೆ. ಕಾಗದವನ್ನು ಡ್ರಮ್ಮಿಗೆ ಸುತ್ತಿರುತ್ತಾರೆ, ಡ್ರಮ್ಮು ನಿಧಾನಕ್ಕೆ ತಿರುಗುತ್ತದೆ. ನಾಳ ಬಿಗಿದರೆ ಗೆರೆ ಏರುತ್ತದೆ. ಸಡಿಲಾದರೆ ಇಳಿಯುತ್ತದೆ.

ಬೇರೆ ಊರಿನವರು ದ್ರಾವಣವನ್ನು ಮೈಯ ಶಾಖಕ್ಕೆ ತರಲು ಕಾಯಿಸುತ್ತಾರೆ. ರಾಯಚೂರಿನ ಬೇಸಿಗೆಯಲ್ಲಿ ನಾವು ತಣ್ಣಗೆ ಮಾಡಬೇಕಾಗುತ್ತಿತ್ತು. ಐಸ್‌ಕ್ಯಾಂಡಿ ಮಾಡುವವರ ಹತ್ತಿರ ಬರ್ಫ ತಂದು ಸುತ್ತ ಇಡುತ್ತಿದ್ದೆವು. ಕರೆಂಟು ಹೋದರೆ ಗಾಳಿಯ ಪಂಪು ನಿಲ್ಲುತ್ತಿತ್ತು. ಆಗ ಲಾರಿಯ ಟ್ಯೂಬಿಗೆ ಗಾಳಿ ತುಂಬಿಟ್ಟು ಅದರ ಬಾಯಿಗೆ ರಬ್ಬರ್ ನಳಿ ಜೋಡಿಸುತ್ತಿದ್ದೆವು. ಕುರಿ ಸತ್ತರೂ ಅದರ ನಾಳ ಸಾಯಬಾರದು ಎಂದು ಇಷ್ಟೆಲ್ಲ ಸೇವೆ.

ಈ ಸೇವೆಯ ಹೆಚ್ಚಿನ ಪಾಲು ಬೀರಪ್ಪನದು. ಅವನು ನಮ್ಮ ಅಟೆಂಡರ್. ದೇವದುರ್ಗದ ಕಡೆಯ ಕುರಿ ಕಾಯುವ ಮನೆತನ, ಎತ್ತರದ ಆಳು, ಮಾತು ಕಡಿಮೆ. ಕಾಗದಕ್ಕೆ ಹೊಗೆ ಹಿಡಿಸುವಾಗ ಅವನ ಮೋರೆಯೂ ಕಪ್ಪಾಗುತ್ತಿತ್ತು, ಹುಡುಗರು ನಗುತ್ತಿದ್ದರು, ಅವನೂ ನಗುತ್ತಿದ್ದ. ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದರೂ ಅವನು ಇನ್ನೂ ಟೆಂಪರ್ವರಿ. ಹೆಂಡತಿ, ಎರಡು ಮಕ್ಕಳು ದೇವದುರ್ಗದಲ್ಲಿ, ಇವನು ಇಲ್ಲಿ ಒಂದು ಖೋಲಿಯಲ್ಲಿ. ಪ್ರತಿ ಶನಿವಾರ ಮಧ್ಯಾಹ್ನ ದೇವದುರ್ಗದ ಬಸ್ಸು ಹತ್ತುತ್ತಿದ್ದ, ಸೋಮವಾರ ಬೆಳಿಗ್ಗೆ ಇಳಿಯುತ್ತಿದ್ದ. "ಖಾಯಂ ಆದ ಮ್ಯಾಲ ಇಲ್ಲೇ ಮನಿ ಮಾಡೂನು ಅಂದೀನ್ರಿ ಸರ. ಆಕಿ ಹಾಸಿಗಿ ಸುತ್ತಿ ಇಟ್ಕೊಂಡ ಕುಂತಾಳ," ಎನ್ನುತ್ತಿದ್ದ. ಆ ಟರ್ಮಿನ ಕೊನೆಗೆ ಅವನನ್ನು ಖಾಯಂ ಮಾಡಬೇಕೋ ಬಿಡಬೇಕೋ ಎಂದು ವಿಭಾಗದ ಮುಖ್ಯಸ್ಥರು ಆಡಳಿತದವರಿಗೆ ಹೇಳಬೇಕಿತ್ತು. ಅವರ ಒಂದು ಮಾತಿನ ಮೇಲೆ ಎಲ್ಲ ನಿಂತಿತ್ತು.

ಆ ಮುಖ್ಯಸ್ಥರು ಜೋಶಿ ಸಾಹೇಬರು. ಇಸ್ತ್ರಿ ಮುರಿಯದ ಬಿಳಿ ಕೋಟು, ಕಿಸೆಯಲ್ಲಿ ಕರ್ಪೂರದ ವಾಸನೆಯ ಕರವಸ್ತ್ರ. ಉಳ್ಳಾಗಡ್ಡಿಯನ್ನೂ ಮನೆಯೊಳಗೆ ಬಿಡದವರು. ಅಂಥವರು ಹೊಟ್ಟೆಪಾಡಿಗೆ ಹಿಡಿದದ್ದು ಕುರಿಯ ರಕ್ತನಾಳ! ನಾನು ನೋಡಿದ ಹಾಗೆ ಅದನ್ನು ಅವರು ಬರಿಗೈಯಿಂದ ಮುಟ್ಟಿರಲಿಲ್ಲ, ಎಲ್ಲ ಚಿಮಟಿಯಲ್ಲೇ. ಆದರೆ ಪಾಠಕ್ಕೆ ನಿಂತರೆಂದರೆ ಮಾತು ಬೇರೆ. ಪೊಟ್ಯಾಸಿಯಂ ಬಾಗಿಲುಗಳ ಬಗ್ಗೆ ನನಗೆ ಸರಿಯಾಗಿ ತಿಳಿಸಿದವರು ಅವರೇ.

ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ರಕ್ತನಾಳದ ಗೋಡೆಯಲ್ಲಿ ಸ್ನಾಯುವಿನ ಜೀವಕಣಗಳಿವೆ. ಪ್ರತಿ ಕಣದೊಳಗೆ ಪೊಟ್ಯಾಸಿಯಂ ಕಿಕ್ಕಿರಿದು ತುಂಬಿದೆ, ಹೊರಗೆ ಸ್ವಲ್ಪವೇ ಇದೆ. ಕಣದ ಪೊರೆಯಲ್ಲಿ ಪೊಟ್ಯಾಸಿಯಂಗೆಂದೇ ಇರುವ ಬಾಗಿಲುಗಳಿವೆ. ಅವು ತೆರೆದರೆ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಕಣ ಶಾಂತವಾಗುತ್ತದೆ, ನಾಳ ಸಡಿಲಾಗುತ್ತದೆ. ಹೊರಗೆ ಹೋಗಲು ಬಿಡದಿದ್ದರೆ ಕಣಕ್ಕೆ ತಳಮಳ, ಕ್ಯಾಲ್ಸಿಯಂ ಒಳಗೆ ನುಗ್ಗಿ ಸ್ನಾಯು ಬಿಗಿಯುತ್ತದೆ. ನಾನು ಹುಡುಗರಿಗೆ ಟಾಕೀಸಿನ ಉದಾಹರಣೆ ಕೊಡುತ್ತಿದ್ದೆ. ಆಟ ಮುಗಿದು ಬಾಗಿಲು ತೆರೆದರೆ ಜನ ಹೊರಗೆ ಬರುತ್ತಾರೆ. ಅದೇ ಹೊತ್ತಿಗೆ ಮುಂದಿನ ಆಟದವರು ಹೊರಗೆ ಒತ್ತಿ ನಿಂತಿದ್ದರೆ ಒಳಗಿನವರು ಹೇಗೆ ಬಂದಾರು? ದ್ರಾವಣಕ್ಕೆ ನಾವು ಪೊಟ್ಯಾಸಿಯಂ ಸುರಿದಾಗ ಆಗುವುದು ಇದೇ. ಹುಡುಗರು ನನಗೆ ಟಾಕೀಸ್ ಮಾಸ್ತರ್ ಎಂದು ಹೆಸರಿಟ್ಟರು. ಆ ಹೆಸರು ಇಂದಿಗೂ ಬಿಟ್ಟಿಲ್ಲ.

ಜೋಶಿಯವರಿಗೆ ಅತಿ ಪ್ರೀತಿಯ ಪ್ರಯೋಗ ಒಂದಿತ್ತು. ಮೊದಲು ಪೊಟ್ಯಾಸಿಯಂ ಹಾಕಿ ಉಂಗುರ ಬದುಕಿದೆ ಎಂದು ತೋರಿಸುವುದು, ಆಮೇಲೆ ದ್ರಾವಣ ಬದಲಿಸಿ, ಬಿಗಿಯುವ ಔಷಧ ಹಾಕಿ ಗೆರೆಯನ್ನು ಮೇಲೇರಿಸಿ ನಿಲ್ಲಿಸುವುದು. ಗೆರೆ ಮೇಲೆ ನಿಂತಾಗ ಅಸಿಟೈಲ್ ಕೋಲಿನ್ ಎಂಬ ಔಷಧದ ಒಂದು ಹನಿ. ಗೆರೆ ಜಾರುಬಂಡಿಯ ಹಾಗೆ ಕೆಳಗಿಳಿಯುತ್ತಿತ್ತು. ಹುಡುಗರು "ಹೋ" ಎನ್ನುತ್ತಿದ್ದರು. ಹೊರಗಿನ ಪರೀಕ್ಷಕರು ಬಂದಾಗಲೆಲ್ಲ ಇದನ್ನೇ ತೋರಿಸುವುದು. ಜೋಶಿಯವರಿಗೆ ಅದು ಮನೆಮಗಳ ಹಾಡಿನಷ್ಟು ಹೆಮ್ಮೆ.

ಆ ವರ್ಷ ದಸರಾ ರಜೆಗೆ ಮೊದಲು ಒಂದು ಸಣ್ಣ ಜಗಳವಾಯಿತು. ಬೀರಪ್ಪ ಪೇಟೆಯಿಂದ ಫ್ಲಾಸ್ಕಿನಲ್ಲಿ ನಾಳ ತಂದು ಮೇಜಿನ ಮೇಲೆ ತೆಗೆದಿಡುವಾಗ ರಕ್ತ ತೊಟ್ಟಿಕ್ಕಿ ಜೋಶಿಯವರ ಕೋಟಿನ ತೋಳಿಗೆ ಬಿತ್ತು. ಸಾಹೇಬರು ಕರವಸ್ತ್ರ ಮೂಗಿಗೆ ಹಿಡಿದರು.

"ಏನಪ್ಪ ಇದು? ಲ್ಯಾಬೋ, ಕಟಗರ ಅಂಗಡಿಯೋ? ಇನ್ನೊಮ್ಮೆ ಇಂಥಾ ಹೊಲಸು ತಂದಿ ಅಂದ್ರ ಒಳಗ ಬಿಡಂಗಿಲ್ಲ ನೋಡು. ಸ್ವಚ್ಛ ಮಾಡಿ ತಾ."

"ಆತ್ರಿ ಸಾಹೇಬ್ರ," ಎಂದ ಬೀರಪ್ಪ. ರಜೆ ಮುಗಿದು ಲ್ಯಾಬು ತೆರೆದ ಮೇಲೆ ಅವನು ತಂದ ನಾಳ ಮುತ್ತಿನ ಹಾಗೆ ಬೆಳ್ಳಗಿರುತ್ತಿತ್ತು. ಜೋಶಿಯವರು ನೋಡಿ "ಹಾಂ, ಹಿಂಗ ಇರಬೇಕು," ಎಂದರು. ನಾನೂ ಮೆಚ್ಚಿದೆ. ಮಾಂಸ ಮುಟ್ಟದ ಮನೆಯಲ್ಲಿ ಬದನೆಕಾಯಿ ತಿಂದು ಬೆಳೆದವನು ನಾನು, ನನಗೂ ರಕ್ತದ ವಾಸನೆ ಅಷ್ಟಕ್ಕಷ್ಟೇ.

ಗೆರೆ ತಪ್ಪಿದ್ದು ಅಲ್ಲಿಂದ. ಪೊಟ್ಯಾಸಿಯಂ ಹಾಕಿದೆವು, ಉಂಗುರ ಚೆನ್ನಾಗಿ ಬಿಗಿಯಿತು. ಬಿಗಿಯುವ ಔಷಧಕ್ಕೂ ಗೆರೆ ಸರಿಯಾಗಿ ಏರಿತು. ಜೋಶಿಯವರು ಹುಡುಗರ ಕಡೆ ತಿರುಗಿ, ಈಗ ನೋಡ್ರಿ ಎಂದು ಅಸಿಟೈಲ್ ಕೋಲಿನ್ ಹನಿ ಬಿಟ್ಟರು. ಗೆರೆ ಇಳಿಯಲಿಲ್ಲ. ಇಳಿಯದಿದ್ದರೆ ಹೋಗಲಿ, ಇನ್ನೂ ಮೇಲಕ್ಕೆ ಏರಿತು. ಹುಡುಗರ "ಹೋ" ಬಾಯಲ್ಲೇ ಉಳಿಯಿತು. ಹೊಸ ಉಂಗುರ ಹಾಕಿದೆವು, ಅದೂ ಹಾಗೆಯೇ. ಮರುದಿನ ಮತ್ತೊಂದು ಕುರಿ, ಮತ್ತೆ ಅದೇ. ಸಡಿಲಿಸುವ ಔಷಧಕ್ಕೆ ನಾಳ ಬಿಗಿಯುತ್ತಿತ್ತು.

ಜೋಶಿಯವರು ಔಷಧದ ಹೊಸ ಬಾಟಲಿಯ ಸೀಲು ಒಡೆದರು, ಫಲವಿಲ್ಲ. ಆಮೇಲೆ ಅವರ ಕಣ್ಣು ಬೀರಪ್ಪನ ಮೇಲೆ ಬಿತ್ತು. ಗಾಜಿನ ಸಾಮಾನು ತೊಳೆಯುವವನು ಅವನು, ದ್ರಾವಣಕ್ಕೆ ಉಪ್ಪು ತೂಗುವವನೂ ಅವನೇ. ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಶರಣಪ್ಪ, ಈ ಮನಷ್ಯಾ ಗಾಜು ಸರಿಯಾಗಿ ತೊಳೆಯಾಕತ್ತಿಲ್ಲ. ಇಲ್ಲಾ ತೂಕ ತಪ್ಪಾಕತ್ತಾನ. ಇಷ್ಟ ವರ್ಷ ಸರಿ ಇತ್ತು, ಈಗ ಖಾಯಂ ಆಗತೀನಿ ಅಂತ ಮೈಮರ್ತಾನ. ಪರೀಕ್ಷಾದಾಗ ನನ್ನ ಮಾನ ಹೋಗತದ. ಟರ್ಮ್ ಮುಗಿಯೂದ್ರಾಗ ಗೆರಿ ಸರಿ ಆಗಲಿಲ್ಲಂದ್ರ, ಇವನ ಬದಲಿ ಬ್ಯಾರೆಯವ್ರನ್ನ ನೋಡ್ರಿ ಅಂತ ಮ್ಯಾಲೆ ಹೇಳಿಬಿಡ್ತೀನಿ."

"ಸರ, ಉಪ್ಪಿನ ತೂಕ ತಪ್ಪಿದ್ರ ಪೊಟ್ಯಾಸಿಯಂಗೂ ಗೆರಿ ಕೆಡಬೇಕಾಗಿತ್ತಲ್ರಿ?" ಎಂದೆ. "ಅದು ಮೊದಲಿನಂಗ ಏರಾಕತ್ತದ. ಅಂದ್ರ ಸ್ನಾಯು ಜೀವಂತ ಅದ, ದ್ರಾವಣನೂ ಸರಿ ಅದ."

"ಹಂಗಾದ್ರ ತಪ್ಪ ಯಾವುದು, ನೀವ ಹೇಳ್ರಿ," ಎಂದರು. ನಿಂಗಮ್ಮನ ಮುಂದೆ ನಿಂತ ಹಾಗೆಯೇ ನಿಂತೆ.

ಬೀರಪ್ಪನಿಗೆ ಯಾರು ಹೇಳಿದರೋ, ಮಧ್ಯಾಹ್ನದೊಳಗೆ ಸುದ್ದಿ ಮುಟ್ಟಿತ್ತು. ಅವನು ಗಾಜಿನ ಸಾಮಾನನ್ನು ಮತ್ತೆ ಮತ್ತೆ ತೊಳೆಯತೊಡಗಿದ. ಆಸಿಡ್ಡಿಗೆ ಬೆರಳ ತುದಿಗಳು ಸುಲಿದವು. "ಸಾಕು ಬೀರಪ್ಪ," ಎಂದರೆ, "ಇರಲಿ ಬಿಡ್ರಿ ಸರ," ಎನ್ನುತ್ತಿದ್ದ. ಆ ಶನಿವಾರ ಊರಿಗೆ ಹೋಗಲಿಲ್ಲ. "ಹೋಗಿ ಏನ್ ಹೇಳಲ್ರಿ? ಸುತ್ತಿದ ಹಾಸಿಗಿ ಬಿಚ್ಚು ಅನ್ಲಾ?" ಎಂದ.

ನಾನು ಒಂದೊಂದೇ ಬದಲಿಸಿ ನೋಡಿದೆ. ಉಪ್ಪನ್ನು ನಾನೇ ತೂಗಿದೆ, ಗಾಜನ್ನು ನಾನೇ ತೊಳೆದೆ, ಭಟ್ಟಿ ಇಳಿಸಿದ ನೀರು ಬೇರೆ ಕಡೆಯಿಂದ ತರಿಸಿದೆ, ಗಾಳಿಯ ನಳಿ ಹೊಸದು ಹಾಕಿದೆ. ಗೆರೆ ಹಟಮಾರಿ ಎಮ್ಮೆಯ ಹಾಗೆ ಕೆಳಗಿಳಿಯಲೇ ಇಲ್ಲ. ಆದರೂ ಸುಳ್ಳೇಕೆ, ಹೊಟ್ಟೆಯಲ್ಲಿ ಬೀರಪ್ಪನ ಚಿಂತೆ ಇದ್ದರೂ ತಲೆಯಲ್ಲಿ ಒಂದು ಬಗೆಯ ಖುಷಿಯೂ ಇತ್ತು. ಸಡಿಲಾಗು ಎಂದರೆ ಬಿಗಿಯುವ ನಾಳವನ್ನು ನಾನು ಎಂದೂ ನೋಡಿರಲಿಲ್ಲ. ಬಾಗಿಲು ತೆರೆಯುವ ಅಪ್ಪಣೆ ಎಲ್ಲೋ ದಾರಿಯಲ್ಲಿ ಕಳೆದುಹೋಗುತ್ತಿದೆ. ಎಲ್ಲಿ?

ಲ್ಯಾಬಿನಲ್ಲಿ ಬದಲಿಸಲು ಏನೂ ಉಳಿಯಲಿಲ್ಲ. ಉಳಿದದ್ದು ಪೇಟೆ ಒಂದೇ. ಒಂದು ಬೆಳಿಗ್ಗೆ ಬೀರಪ್ಪನ ಸೈಕಲ್ಲಿನ ಹಿಂದೆ ಕೂತು ಮಾಂಸದ ಪೇಟೆಗೆ ಹೋದೆ. ಖಾಜಾಸಾಬನ ಅಂಗಡಿ. ಚಂದ್ರಬಂಡದ ಕಡೆಯ ಕುರಿಗಳೇ ಅವನಲ್ಲಿಗೆ ಹೆಚ್ಚು ಬರುತ್ತಿದ್ದವು. "ಬರ್ರಿ ಮಾಸ್ತರ," ಎಂದು ಸ್ಟೂಲು ಒರೆಸಿ ಕೊಟ್ಟ. ನಾನು ಉಸಿರು ಬಿಗಿಹಿಡಿದು ಕೂತೆ. ನಾಳ ಕತ್ತರಿಸಿ ಫ್ಲಾಸ್ಕಿಗೆ ಹಾಕುತ್ತಾನೆ ಎಂದುಕೊಂಡರೆ, ಅವನು ಅದನ್ನು ಹಿಂದೆ ಕೂತಿದ್ದ ತನ್ನ ತಾಯಿಯ ಕಡೆ ಚಾಚಿದ. ಆಕೆ ಮಹಬೂಬಿ. ಕುರಿಯ ಕರುಳು, ಬೋಟಿ ತೊಳೆದು ಕೊಡುವುದು ಆಕೆಯ ಕೆಲಸ. ರಾಯಚೂರಿನಲ್ಲಿ ಬೋಟಿ ತಿನ್ನುವವರು ಮಹಬೂಬಿ ತೊಳೆದದ್ದೇ ಬೇಕು ಎನ್ನುತ್ತಿದ್ದರಂತೆ.

ಮಹಬೂಬಿ ಒಂದು ನುಣ್ಣನೆಯ ಕಡ್ಡಿಗೆ ಒದ್ದೆ ಅರಿವೆ ಸುತ್ತಿದಳು. ಕಡ್ಡಿಯನ್ನು ನಾಳದೊಳಗೆ ತೂರಿಸಿ, ಹಲ್ಲು ಉಜ್ಜಿದಂತೆ ಹಿಂದೆ ಮುಂದೆ ತಿಕ್ಕಿದಳು. ನೀರು ಹೊಯ್ದಳು. ಮತ್ತೆ ತಿಕ್ಕಿದಳು. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡಿ, ತೃಪ್ತಿಯಾದ ಮೇಲೆ ಬೀರಪ್ಪನಿಗೆ ಕೊಟ್ಟಳು.

"ಅಮ್ಮಾ, ಯಾವಾಗಿಂದ ಹಿಂಗ ತಿಕ್ಕಿ ಕೊಡಾಕತ್ತೀರಿ?" ಎಂದು ಕೇಳಿದೆ.

"ದಸರಾ ಆದಮ್ಯಾಲ ಸಾಬ್. ಬೀರಪ್ಪ ಬಂದು, ಯವ್ವಾ, ಸಾಹೇಬ್ರು ಬೈತಾರ, ಸಾಫ್ ಮಾಡಿ ಕೊಡು ಅಂದ. ರೊಕ್ಕ ಬ್ಯಾಡ ಅಂದೆ. ಹುಡುಗ್ರು ಓದೋ ಜಾಗಾಕ್ಕ ಗಂದಾ ಮಾಲ್ ಹ್ಯಾಂಗ ಕೊಡೋದು?"

ನಾನು ಬೀರಪ್ಪನ ಮೋರೆ ನೋಡಿದೆ. "ಯಾಕ ಹೇಳಲಿಲ್ಲೋ?" ಎಂದರೆ, "ಯಾರೂ ಕೇಳಲಿಲ್ಲಲ್ರಿ ಸರ. ಸ್ವಚ್ಛ ಮಾಡಿ ತಾ ಅಂದಿದ್ರು, ಮಾಡಿ ತಂದೆ," ಎಂದ. ಅವನ ಮಾತಿನಲ್ಲಿ ತಪ್ಪೇನಿತ್ತು? ಅಂದು ಖಾಜಾಸಾಬನಿಂದ ತೊಳೆಯದ ಇನ್ನೊಂದು ನಾಳವನ್ನೂ ಕೇಳಿ ಪಡೆದೆ. ಮಹಬೂಬಿ ಮೋರೆ ತಿರುಗಿಸಿಕೊಂಡಳು, ಅವಳ ಕೈಗುಣಕ್ಕೆ ಕುಂದು ಬಂದ ಹಾಗಾಗಿತ್ತು.

ಲ್ಯಾಬಿಗೆ ಬಂದು, ತೊಳೆಯದ ನಾಳದಿಂದ ಎರಡು ಉಂಗುರ ಕತ್ತರಿಸಿದೆ. ಒಂದನ್ನು ಇದ್ದ ಹಾಗೆಯೇ ಬಿಟ್ಟೆ. ಇನ್ನೊಂದರ ಒಳಮೈಯನ್ನು ಅರಿವೆ ಸುತ್ತಿದ ಕಡ್ಡಿಯಿಂದ ಮಹಬೂಬಿಯ ಹಾಗೆ ತಿಕ್ಕಿದೆ. ಒಂದೇ ಕುರಿ, ಒಂದೇ ನಾಳ, ಒಂದೇ ದ್ರಾವಣ. ಎರಡನ್ನೂ ಅಕ್ಕಪಕ್ಕ ತೂಗಿಬಿಟ್ಟು ಜೋಶಿಯವರನ್ನು ಕರೆದೆ. ಬೀರಪ್ಪ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ.

ಪೊಟ್ಯಾಸಿಯಂಗೆ ಎರಡೂ ಒಂದೇ ಸಮನೆ ಬಿಗಿದವು. "ಎರಡೂ ಜೀವಂತ ಅದಾವ," ಎಂದರು ಜೋಶಿ. ಬಿಗಿಯುವ ಔಷಧಕ್ಕೂ ಎರಡೂ ಏರಿದವು. ಆಮೇಲೆ ನಾನು ಹನಿ ಬಿಟ್ಟೆ. ತಿಕ್ಕದ ಉಂಗುರದ ಗೆರೆ ಜಾರಿ ಕೆಳಗೆ ಬಂತು. ತಿಕ್ಕಿದ್ದರ ಗೆರೆ ಏರಿತು. ಜೋಶಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇನ್ನೊಮ್ಮೆ ಮಾಡ್ರಿ ಎಂದರು. ಆಮೇಲೆ ತಾವೇ ಹೊಸ ಉಂಗುರ ಕತ್ತರಿಸಿ, ಕಡ್ಡಿ ಹಿಡಿದು ತಿಕ್ಕಿ ನೋಡಿದರು. ಬೇರೆ ಆಗಲಿಲ್ಲ. ಮಧ್ಯಾಹ್ನದ ಊಟ ಮರೆತು ಸಂಜೆಯ ತನಕ ಅದನ್ನೇ ಮಾಡಿದೆವು.

"ಶರಣಪ್ಪ," ಎಂದರು ಕೊನೆಗೆ, ಅವರ ದನಿ ಮೆತ್ತಗಾಗಿತ್ತು. "ನಾವು ಇಷ್ಟ ದಿನ ಔಷಧ ನೇರ ಸ್ನಾಯುಕ್ಕ ಹೇಳತದ ಅಂತ ತಿಳದಿದ್ವಿ. ಅಲ್ಲ. ಒಳಗಿನ ಪದರ ಕೇಳಸ್ಕೋತದ. ಅದು ಸ್ನಾಯುಕ್ಕ ಹೇಳತದ, ಬಾಗಲಾ ತಗಿ ಅಂತ. ಆ ಪದರಾನ ತಿಕ್ಕಿ ತಗದ್ರ ಹೇಳವ್ರ ಇಲ್ಲ."

ಸ್ನಾಯುವಿಗೆ ಹಾಗೆ ಹೇಳಿಕಳಿಸುವುದು ಯಾವ ವಸ್ತು, ಅದು ಪೊಟ್ಯಾಸಿಯಂ ಬಾಗಿಲನ್ನು ಹೇಗೆ ತೆರೆಯುತ್ತದೆ, ಕ್ಯಾಲ್ಸಿಯಂಗೆ ಹೇಗೆ ಲಗಾಮು ಹಾಕುತ್ತದೆ ಎಂಬುದನ್ನೆಲ್ಲ ನಾನು ಓದಿ ತಿಳಿದದ್ದು ಎಷ್ಟೋ ಆಮೇಲೆ. ಹೇಳಿಕಳಿಸುವ ದಾರಿ ಒಂದೇ ಅಲ್ಲ, ಹಲವು ಎಂದೂ ತಿಳಿಯಿತು. ಆದರೆ ಆ ಸಂಜೆ ನಮಗೆ ಅಷ್ಟೇ ಸಾಕಾಗಿತ್ತು. ಮೂಗಿಗೆ ಹಿಡಿಯಲು ಮರೆತ ಕರವಸ್ತ್ರ ಜೋಶಿಯವರ ಕಿಸೆಯಲ್ಲೇ ಇತ್ತು.

ಇದನ್ನು ಲೋಕಕ್ಕೆ ಮೊದಲು ಕಂಡವರು ನಾವೇ ಎಂಬ ಹುಚ್ಚು ಸಾಹೇಬರಿಗೆ ಹತ್ತಿತು. ನನಗೂ ಹತ್ತಿತ್ತೆಂದು ಹೇಳಿದರೆ ತಪ್ಪಲ್ಲ. ಸಾಹೇಬರು ಹೈದರಾಬಾದಿಗೆ ಹೋಗಿ ಅಲ್ಲಿಯ ದೊಡ್ಡ ಗ್ರಂಥಾಲಯದಲ್ಲಿ ಪತ್ರಿಕೆ ತಿರುವಿ ಬಂದರು. ಬಂದವರು ಕುರ್ಚಿಯಲ್ಲಿ ಕುಸಿದು ಕೂತು ನಕ್ಕರು.

"ಹೊರದೇಶದಾಗ ಮೊದಲ ಕಂಡಾರ್ರಿ. ನಮಗಿಂತ ಒಂದೆರಡು ವರ್ಷ ಮುಂಚೆನ. ಅವರದೂ ಒಳಮೈ ತಿಕ್ಕಿಹೋಗಿ ಹಿಂಗ ಆಗಿತ್ತಂತ."

"ಅವರಿಗೆ ಯಾರು ತಿಕ್ಕಿ ಕೊಟ್ಟಿದ್ರಂತ್ರಿ?" ಎಂದೆ.

"ಅಲ್ಲಿ ಮಹಬೂಬಿ ಇಲ್ಲಲ್ಲ, ತಾವ ತಿಕ್ಕಿರಬೇಕು," ಎಂದರು. ಬಹಳ ದಿನದ ಮೇಲೆ ಅವರು ನಗೆಯಾಡಿದ್ದನ್ನು ಕಂಡೆ. ಆದರೆ ಬೀರಪ್ಪನ ಮಾತು ಎತ್ತಲಿಲ್ಲ. ಟರ್ಮು ಮುಗಿಯಲು ಬಂದಿತ್ತು. ನಾನು ಕೇಳಲೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವರು, "ನಾಳೆ ಮುಂಜಾನೆ ನಾನೂ ಪ್ಯಾಟಿಗೆ ಬರ್ತೀನಿ," ಎಂದರು. ನಾನು ತೆರೆದ ಬಾಯಿ ಹಾಗೇ ಮುಚ್ಚಿದೆ.

ಬುಧವಾರವೋ ಗುರುವಾರವೋ ಇರಬೇಕು. ಬಿಳಿ ಕೋಟು ತೊಟ್ಟ ಜೋಶಿ ಸಾಹೇಬರು ಮಾಂಸದ ಪೇಟೆಯಲ್ಲಿ ತೂಗುಹಾಕಿದ ಕುರಿಗಳ ನಡುವೆ ನಡೆದು ಬರುವುದನ್ನು ಜನ ಚೌಕಾಶಿ ನಿಲ್ಲಿಸಿ ನೋಡಿದರು. ಖಾಜಾಸಾಬ ಏನೋ ತಕರಾರು ಬಂತೆಂದು ಕತ್ತಿ ಕೆಳಗಿಟ್ಟು ಎದ್ದು ನಿಂತ. ಮಹಬೂಬಿ ಗಡಿಬಿಡಿಯಿಂದ ಕಡ್ಡಿಗೆ ಅರಿವೆ ಸುತ್ತತೊಡಗಿದಳು.

"ಅಭೀ ಸಾಫ್ ಕರ್‌ಕೊ ದೇತೀ ಸಾಬ್, ಈಗ ಕೊಡ್ತೀನಿ," ಎಂದಳು.

"ಬ್ಯಾಡಮ್ಮ. ಇದ್ದಂಗ ಕೊಡ್ರಿ. ರಕ್ತ ಇದ್ರ ಇರಲಿ."

ಮಹಬೂಬಿಯ ಕೈ ನಿಂತಿತು. "ಹಂಗ ಹ್ಯಾಂಗ ಸಾಬ್? ಹೊಲಸ ಕೊಟ್ರು ಅಂತ ನಮಗ ಹೆಸರು ಬರತದ. ನನ್ನ ಕೆಲಸದಾಗ ಕಸರು ಏನರ ಆತೇನು?"

"ನಿಮ್ಮ ಕೆಲಸದಾಗ ಏನೂ ಕಸರು ಇಲ್ಲ. ನಿಮ್ಮಷ್ಟು ಚಲೋ ತಿಕ್ಕಿದ್ದಕ್ಕ ನಮಗೊಂದು ಹೊಸ ವಿಷಯ ತಿಳೀತು. ಸ್ವಚ್ಛ ಬೇಕು ಅಂತ ಹಟ ಮಾಡಿದಾಂವ ನಾನು," ಎಂದು ಜೋಶಿಯವರು ಬರಿಗೈ ಚಾಚಿದರು. ಖಾಜಾಸಾಬ ಕೊಡಲು ಹಿಂಜರಿದ. "ಕೊಡಪ್ಪ," ಎಂದರು. ಅವನು ನಾಳವನ್ನು ಆ ಅಂಗೈ ಮೇಲೆ ಇಟ್ಟ. ಬೆರಳ ಸಂದಿಯಿಂದ ರಕ್ತ ಇಳಿಯಿತು. ಸಾಹೇಬರು ಕೈ ಹಿಂದೆ ತೆಗೆಯಲಿಲ್ಲ. ಕತ್ತರಿಸಿದ ಬಾಯನ್ನು ಬಿಸಿಲಿಗೆ ತಿರುಗಿಸಿ ಒಳಗೆ ನೋಡಿದರು.

"ಎಷ್ಟ ನುಣುಪ ಅದ ನೋಡ್ರಿ ಶರಣಪ್ಪ, ರೇಶ್ಮಿ ಇದ್ದಂಗ," ಎಂದರು.

ಆಮೇಲೆ ಅದನ್ನು ತಾವೇ ಫ್ಲಾಸ್ಕಿನಲ್ಲಿ ಹಾಕಿ ಮುಚ್ಚಳ ತಿರುಗಿಸಿದರು. ಮಹಬೂಬಿ ತಂಬಿಗೆಯಿಂದ ನೀರು ಹೊಯ್ದಳು, ಕೈ ತೊಳೆದುಕೊಂಡರು. ಫ್ಲಾಸ್ಕನ್ನು ಬೀರಪ್ಪನ ಕೈಗೆ ಕೊಟ್ಟರು.

"ಹಿಂಗ ತರಬೇಕು. ತಿಳೀತಿಲ್ಲೋ?"

"ತಿಳೀತ್ರಿ ಸಾಹೇಬ್ರ. ಈ ಟರ್ಮ್ ಮುಗಿಯೂತನಕ ಹಿಂಗ ತರ್ತೀನ್ರಿ."

"ಟರ್ಮ್ ಮುಗಿಯೂತನಕ ಅಲ್ಲ. ನೀ ರಿಟೈರ್ ಆಗೂತನಕ."

ಬೀರಪ್ಪನಿಗೆ ಅದು ಕೂಡಲೇ ತಲೆಗೆ ಹೋಗಲಿಲ್ಲ. ನನ್ನ ಮೋರೆ ನೋಡಿದ. ಮೊದಲು ಅರ್ಥವಾದದ್ದು ಮಹಬೂಬಿಗೆ. "ನೌಕ್ರಿ ಪಕ್ಕಾ ಹುವಾ ರೇ ಬೀರಪ್ಪ," ಎಂದಳು. ಅವನು ಫ್ಲಾಸ್ಕನ್ನು ಎದೆಗೆ ಒತ್ತಿ ಹಿಡಿದುಕೊಂಡ. ಸುಲಿದ ಬೆರಳುಗಳಿಂದ ಕಣ್ಣು ಒರೆಸಿಕೊಂಡು, ಮೆಲ್ಲಗೆ ನನ್ನನ್ನು ಕೇಳಿದ.

"ಸರ, ದೇವದುರ್ಗದ ಬಸ್ಸು ಈ ಹೊತ್ತಿನ್ಯಾಗ ಯಾವುದರ ಅದ ಏನ್ರಿ?"

ನಾನು ಹೇಳುವಷ್ಟರಲ್ಲಿ ಜೋಶಿ ಸಾಹೇಬರು ಫ್ಲಾಸ್ಕಿಗೆ ಕೈ ಚಾಚಿದರು. "ಕೊಡು ಇಲ್ಲಿ," ಎಂದರು. "ಇವತ್ತೊಂದ ದಿನ ನಾ ಒಯ್ತೀನಿ." ರಕ್ತ ಮೆತ್ತಿದ ಆ ಫ್ಲಾಸ್ಕನ್ನು ಬಿಳಿ ಕೋಟಿಗೆ ಒತ್ತಿಕೊಂಡು, ಪೇಟೆಯ ನಡುವೆ, ಕಾಲೇಜಿನ ಕಡೆ ನಡೆದರು.